ಮೂರನೆಯ ಕಂಬದ ಗೆರೆ

"ಅಲ್ಲೇ ನಿಂತ್ಕೊ. ಬಣ್ಣ ಹಸಿ ಅದೆ. ಮುಟ್ಟಿ ಗಲೀಜ್ ಮಾಡ್ಬೇಡ."

ಸರ್ವೆಯರ್ ನಟರಾಜ್ ಹಾಗೆಂದಾಗ ಸಾಕಮ್ಮ ತನ್ನ ಮನೆಯ ಮುಂದೆಯೇ ನಿಂತಿದ್ದಳು. ಅವನ ಆಳು ಅವಳ ಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ ಹದಿನೇಳು ಎಂದು ಬರೆಯುತ್ತಿದ್ದ. ಬೀದಿಯ ತುದಿಯಲ್ಲಿ ಹೊಸ ಕಲ್ಯಾಣ ಮಂಟಪ ಕಟ್ಟಿಸಿದ್ದ ಶಿವಮಲ್ಲಪ್ಪನೂ ಜೊತೆಗೆ ಬಂದಿದ್ದ. ಅವನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ.

"ಗಲೀಜ್ ಮಾಡಕ್ಕೆ ಇನ್ನೇನ್ ಉಳ್ದದೆ ಇಲ್ಲಿ?" ಎಂದ ಶಿವಮಲ್ಲಪ್ಪ. "ಜನ ಎಲ್ಲೆಲ್ಲಿಂದ್ಲೋ ಸೇತುವೆ ನೋಡಕ್ ಬತ್ತಾರೆ. ಮೊದ್ಲು ಕಾಣಾದು ಈ ಮುಂಡೇವು ಒಣಗಾಕಿರೋ ಲಂಗ."

ನಂಜನಗೂಡಿನ ಕಡೆಯ ದಡದಲ್ಲಿ, ಕಪಿಲೆಯ ಹಳೆಯ ಸೇತುವೆಯ ಮಗ್ಗುಲಿಗೆ ಇಪ್ಪತ್ತಮೂರು ಮನೆಗಳಿವೆ. ಸೇತುವೆಯ ಮೂರನೆಯ ಕಂಬದ ಮೇಲೆ, ಹಿಂದಿನ ದೊಡ್ಡ ಪ್ರವಾಹ ನಿಂತ ಎತ್ತರಕ್ಕೆ, ಉಳಿಯಿಂದ ಕೊರೆದ ಒಂದು ಗೆರೆ ಇದೆ. ಆ ಗೆರೆಗಿಂತ ತಗ್ಗಿನಲ್ಲಿರುವ ಕಟ್ಟಡಗಳನ್ನೆಲ್ಲ ಹದಿನೈದು ದಿನಗಳಲ್ಲಿ ತೆರವು ಮಾಡಬೇಕೆಂದು ನೋಟಿಸು ಹೇಳುತ್ತಿತ್ತು. ಇಪ್ಪತ್ತಮೂರೂ ತಗ್ಗಿನಲ್ಲಿದ್ದವು, ಅದು ಸುಳ್ಳಲ್ಲ. ಪ್ರವಾಹದಲ್ಲಿ ಸಾಕಮ್ಮನ ಹೊಸ್ತಿಲ ಮೇಲೆ ಎರಡು ಅಡಿ ನೀರು ನಿಂತಿತ್ತು. ಆದರೆ ಕಲ್ಯಾಣ ಮಂಟಪದ ನೆಲ ಗೆರೆಗಿಂತ ಆರು ಅಡಿ ಮೇಲಿದೆ ಎಂದು ನಟರಾಜ್ ಪ್ರಮಾಣಪತ್ರ ಬರೆದುಕೊಟ್ಟಿದ್ದ.

"ಬುದ್ಧೀ, ನಮ್ ಮನೇಗ್ ನೀರು ಬಂದಿದ್ದು ದಿಟ," ಎಂದಳು ಸಾಕಮ್ಮ. "ಆಗ ನಿಮ್ ಬಾಳೆತೋಟ ಮುಳ್ಗಿ ಗಿಡದ್ ಸುಳಿ ಸೈತ ಕಾಣ್ತಿರ್ನಿಲ್ಲ. ಮಂಟ್ಪ ಕಟ್ಟಿರಾದು ಅಲ್ಲೇ ಅಲ್ವಾ?"

"ನೋಡಪ್ಪಾ, ಗಾರೆ ಒರೋಳು ಇಂಜಿನಿಯರ್ ಆಗ್ಬುಟ್ಲು," ಎಂದ ಶಿವಮಲ್ಲಪ್ಪ.

"ಮಿಶಿನ್ ಇಟ್ಟು ಅಳ್ದಿದೀನಿ ಕಣಮ್ಮ," ಎಂದ ನಟರಾಜ್. "ನಿನ್ ಕಣ್ಣೇನ್ ಮಿಶಿನ್ನಾ?"

ಆ ಯಂತ್ರ ಜೀಪಿನಿಂದ ಕೆಳಗಿಳಿದದ್ದನ್ನು ಇಪ್ಪತ್ತಮೂರು ಮನೆಗಳವರಲ್ಲಿ ಒಬ್ಬರೂ ಕಂಡಿರಲಿಲ್ಲ. ನಟರಾಜ್ ಮಂಟಪದ ಜಗಲಿಯ ಮೇಲೆ ಕುಳಿತು, ಎರಡು ಎಳನೀರು ಕುಡಿದು, ಬರೆದುಕೊಂಡು ಹೋಗಿದ್ದ.

ಸಾಕಮ್ಮ ಸರ್ವೆ ಕಚೇರಿಗೆ ಎರಡು ಸಲ ಹೋದಳು. ಮೊದಲ ಸಲ ಸಾಹೇಬರಿಲ್ಲ ಎಂದರು; ಕಿಟಕಿಯಲ್ಲಿ ಸಾಹೇಬನ ಬೆನ್ನು ಕಾಣುತ್ತಿತ್ತು. ಎರಡನೆಯ ಸಲ ನಟರಾಜ್ ಅವಳ ಅರ್ಜಿಯನ್ನು ತೆಗೆದುಕೊಂಡು, ಅದರ ಮೇಲೆ ಚಹಾದ ಲೋಟವನ್ನು ಇಟ್ಟ. ಮಂಟಪದ ಮಟ್ಟ ನಿನಗೆ ಹೇಗೆ ಗೊತ್ತು ಎಂದು ಕೇಳಿದ. ನೆಲ ಕಟ್ಟಿದ ದಿನ ಮಟ್ಟದ ಪೈಪು ಹಿಡಿದವಳು ನಾನೇ ಎಂದು ಸಾಕಮ್ಮ ಹೇಳಿದಳು.

"ಯಾರ್ ಪೈಪು ಹಿಡ್ಕೊಂಡಿದ್ದೆ?" ಎಂದು ಪಕ್ಕದ ಮೇಜಿನವನು ಕೇಳಿದ.

ನಾಲ್ಕು ಮೇಜುಗಳವರು ನಕ್ಕರು. ಸಾಕಮ್ಮನಿಗೆ ಐವತ್ತೆರಡು ವರ್ಷ. ನಗು ಮುಗಿಯುವವರೆಗೆ ಅವಳು ಅಲ್ಲೇ ನಿಂತಿದ್ದು, ನಾಲ್ವರ ಮುಖಗಳನ್ನೂ ಒಂದೊಂದಾಗಿ ನೋಡಿ, ಹೊರಗೆ ಬಂದಳು.

ಆ ಪೈಪಿನ ಕೆಲಸ ಸರಳ. ಒಳಗಿನದು ಕಾಣುವಂಥ ಪೈಪಿಗೆ ನೀರು ತುಂಬಿಸಿ ಎರಡು ತುದಿಗಳನ್ನು ಎತ್ತಿ ಹಿಡಿದರೆ, ನಡುವೆ ಹಳ್ಳವಿರಲಿ ದಿಬ್ಬವಿರಲಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮಂಟಪದ ನೆಲ ಗೊತ್ತುಮಾಡಿದ ದಿನ ಮೇಸ್ತ್ರಿ ನಿಂಗರಾಜು ಒಂದು ತುದಿಯನ್ನು ಸಾಕಮ್ಮನ ಹೊಸ್ತಿಲಿಗೆ ಹಿಡಿದಿದ್ದ. ಇನ್ನೊಂದು ತುದಿ ಸಾಕಮ್ಮನ ಕೈಯಲ್ಲಿತ್ತು. ಊಟದ ಹಾಲ್‌ನಲ್ಲಿ ಕುಳಿತವರಿಗೆ ಸೇತುವೆಯ ಕಮಾನುಗಳು ನೇರವಾಗಿ ಕಾಣಬೇಕೆಂದು ಶಿವಮಲ್ಲಪ್ಪ ನೆಲವನ್ನು ಆ ಹೊಸ್ತಿಲಿಗಿಂತ ಎರಡೂವರೆ ಅಡಿ ಕೆಳಗೆ ಇಳಿಸಿದ್ದ. ಕೆಲಸ ಮುಗಿದ ಮರುದಿನ, ಅವಳು ತುಳಿದ ನೆಲಕ್ಕೆ ಗಂಜಲ ಹಾಕಿಸಿ ತೊಳೆಸಿದ್ದ.

ಹೊಸ್ತಿಲ ಮೇಲೆ ನಿಂತ ನೀರು ಎರಡು ಅಡಿ; ಅದಕ್ಕೆ ಎರಡೂವರೆ ಕೂಡಿಸಿದರೆ ನಾಲ್ಕೂವರೆ. ಮಂಟಪದ ನೆಲ ಗೆರೆಗಿಂತ ನಾಲ್ಕೂವರೆ ಅಡಿ ಕೆಳಗಿತ್ತು. ಪ್ರಮಾಣಪತ್ರ ಆರು ಅಡಿ ಮೇಲೆ ಎನ್ನುತ್ತಿತ್ತು. ಕಾಗದಕ್ಕೂ ನೆಲಕ್ಕೂ ನಡುವೆ ಹತ್ತೂವರೆ ಅಡಿಯ ಅಂತರ.

ಸಾಕಮ್ಮ ಅಂದು ಸಂಜೆ ನಿಂಗರಾಜುವಿನ ಮನೆಗೆ ಹೋಗಿ ಪೈಪು ಕೇಳಿದಳು. ಅವನ ಮನೆಯೂ ಇಪ್ಪತ್ತಮೂರರಲ್ಲಿ ಒಂದು. ಅವನು ಬಹಳ ಹೊತ್ತು ಒಪ್ಪಲಿಲ್ಲ. ಶಿವಮಲ್ಲಪ್ಪ ಬೇಡವೆಂದರೆ ಸುತ್ತಿನ ಮೂರು ಬೀದಿಗಳಲ್ಲಿ ಯಾರೂ ತನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದ.

"ಅವ್ನ ಗೋಡೆ ಮ್ಯಾಲೆ ಗೆರೆ ಎಳುದ್ರೆ ನಮ್ ಮನೆ ಉಳ್ಕತದಾ ಅಕ್ಕ?"

"ಉಳ್ಯಾಕಿಲ್ಲ."

"ಮತ್ಯಾಕೆ?"

"ನಮ್ಮವು ಓಗೇ ಓಯ್ತವೆ ಕಣ್ಲಾ. ನಾ ಉಳ್ಸಕ್ ಓಯ್ತಿಲ್ಲ. ಅವ್ನ ಮುಳುಗ್ಸಕ್ ಓಯ್ತಿವ್ನಿ."

ನಿಂಗರಾಜು ಒಳಗೆ ಹೋಗಿ ಪೈಪನ್ನೂ ನೂಲಿನ ಉಂಡೆಯನ್ನೂ ತಂದುಕೊಟ್ಟ. "ನಂದು ಅಂತ ಮಾತ್ರ ಏಳ್ಬೇಡ," ಎಂದ.

ನೋಟಿಸಿನ ಹನ್ನೊಂದನೆಯ ದಿನ ಶಿವಮಲ್ಲಪ್ಪನ ಮಗ ಮಲ್ಲಿಕಾರ್ಜುನನ ಮದುವೆ. ಆ ಮಂಟಪದಲ್ಲಿ ನಡೆಯುತ್ತಿದ್ದ ಮೊದಲ ಮದುವೆ ಅದು. ಕವಲಂದೆಯ ಬೀಗರು ಮೂರು ಬಸ್ಸುಗಳಲ್ಲಿ ಬಂದಿದ್ದರು. ಧಾರೆ ಮುಗಿದು ಮೊದಲ ಪಂಕ್ತಿ ಊಟಕ್ಕೆ ಕುಳಿತಾಗ ಹನ್ನೊಂದೂವರೆ ಗಂಟೆ.

ಅದಕ್ಕೆ ಒಂದು ಗಂಟೆ ಮೊದಲೇ ಸಾಕಮ್ಮ ಮತ್ತು ನೆರೆಮನೆಯ ಪುಟ್ಟಮಾದಮ್ಮ ಕೆಲಸ ಆರಂಭಿಸಿದ್ದರು. ಹೊಳೆ ಇಳಿದು ಕಂಬದ ಬುಡ ಒಣಗಿತ್ತು. ಗೆರೆ ಆಳೆತ್ತರಕ್ಕಿಂತ ಮೇಲಿದ್ದುದರಿಂದ ಸಾಕಮ್ಮ ಏಣಿ ಹತ್ತಿ ಪೈಪಿನ ತುದಿಯನ್ನು ಅದಕ್ಕೆ ಹಿಡಿದಳು. ಪುಟ್ಟಮಾದಮ್ಮ ಇನ್ನೊಂದು ತುದಿಯನ್ನು, ನೆಟ್ಟ ಬಿದಿರಿನ ಗಳಕ್ಕೆ ಹಿಡಿದಳು. ನೀರು ತೂಗಾಡಿ ನಿಲ್ಲುವವರೆಗೆ ಇಬ್ಬರೂ ತುದಿಗಳನ್ನು ಅಲುಗದಂತೆ ಹಿಡಿದರು. ನಿಂತ ಮೇಲೆ ಗಳಕ್ಕೆ ಗುರುತು ಹಾಕಿದರು. ಕಂಬದಿಂದ ಮಂಟಪಕ್ಕೆ ಮುನ್ನೂರ ಅರವತ್ತು ಅಡಿ. ಒಂದು ಸಲಕ್ಕೆ ತೊಂಬತ್ತು ಅಡಿಯಂತೆ ನಾಲ್ಕು ಸಲ ಮಟ್ಟ ಸಾಗಿಸಬೇಕಾಯಿತು. ದಡದಲ್ಲಿ ಸೇತುವೆಯ ಫೋಟೊ ತೆಗೆದುಕೊಳ್ಳುತ್ತಿದ್ದ ನೆಂಟರು, ಪೈಪು ಅಡ್ಡ ಬರುತ್ತದೆ, ಆಚೆ ಎಳೆಯಿರಿ ಎಂದರು. ಹೆಂಗಸರು ಎಳೆಯಲಿಲ್ಲ.

ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವರು ಪೈಪು ಹಿಡಿದ ಇಬ್ಬರು ಹೆಂಗಸರನ್ನು ಕಂಡು, ಕೆಲಸದವರೆಂದು ದಾರಿ ಬಿಟ್ಟರು.

ಊಟದ ಹಾಲ್‌ನ ಗೋಡೆಗಳು ಹೊಸ ಸುಣ್ಣದಿಂದ ಬಿಳುಪಾಗಿದ್ದವು. ಬಾಗಿಲ ಹೊರಗಿನ ನಾಲ್ಕನೆಯ ಗಳದಿಂದ ಪೈಪು ಹಿಡಿದು ಗೋಡೆಗೆ ಗುರುತು ಹಾಕಿ, ಅದು ನೆಲದಿಂದ ಎಷ್ಟು ಎತ್ತರವೆಂದು ಸಾಕಮ್ಮ ಟೇಪಿನಿಂದ ಅಳೆದಳು. ನಾಲ್ಕು ಅಡಿ ಆರು ಅಂಗುಲ. ಕೆಮ್ಮಣ್ಣು ಕಲಸಿದ ನೀರಿನಲ್ಲಿ ನೂಲನ್ನು ಅದ್ದಿದಳು. ಇಬ್ಬರೂ ಎರಡು ತುದಿಗಳನ್ನು ಬಿಗಿಯಾಗಿ ಹಿಡಿದರು. ನಡುವೆ ಎಳೆದು ಬಿಟ್ಟಾಗ ನೂಲು ಗೋಡೆಗೆ ಬಡಿದು ಕೆಂಪು ಗೆರೆ ನೇರವಾಗಿ ಬಿತ್ತು. ಗೋಡೆಯ ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತು ಉಣ್ಣುತ್ತಿದ್ದವರೆಲ್ಲರ ತಲೆಗಳೂ ಗೆರೆಯ ಕೆಳಗಿದ್ದವು.

ಎರಡನೆಯ ಗೋಡೆಯ ಬಳಿ ನಟರಾಜ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಅವನ ತಲೆಯ ಮೇಲಿಂದ ಗೆರೆ ಹಾದುಹೋಯಿತು.

"ಸಾ," ಎಂದಳು ಸಾಕಮ್ಮ, "ನೀರೊಳಗ್ ಕುಂತಿದೀರಿ. ಉಸ್ರು ಕಟ್ಕಂಡು ಉಣ್ಣಿ."

ನಟರಾಜ್ ತಿರುಗಿ ಗೋಡೆಯನ್ನು ನೋಡಿದ. ಬಡಿಸುವವನ ಸೌಟಿನಿಂದ ತುಪ್ಪ ಎಲೆಯ ಆಚೆಗೆ ಸುರಿಯಿತು.

ಹುಡುಗಿಯ ತಂದೆ ಎದ್ದು ಬಂದು ಇದೇನು ಎಂದು ಕೇಳಿದರು. ಪ್ರವಾಹ ನಿಂತ ಮಟ್ಟ, ಇದಕ್ಕಿಂತ ತಗ್ಗಿನ ಕಟ್ಟಡಗಳನ್ನೆಲ್ಲ ತೆರವು ಮಾಡಬೇಕೆಂದು ನೋಟಿಸು ಬಂದಿದೆ ಎಂದು ಸಾಕಮ್ಮ ಹೇಳಿದಳು. ಕಂಬದಿಂದ ತಂದದ್ದು, ನಾಲ್ಕು ಗಳಗಳೂ ಹೊರಗೆ ನೆಟ್ಟ ಹಾಗೇ ಇವೆ, ಬೇಕಾದರೆ ಸರ್ವೆಯರ್ ಸಾಹೇಬರ ಯಂತ್ರ ತರಿಸಿ ನೋಡಿ ಎಂದಳು. ಅವರು ಕಿಟಕಿಯ ಬಳಿಗೆ ಹೋದರು. ಗಳಗಳು ಸೇತುವೆಯವರೆಗೆ ಸಾಲಾಗಿ ನಿಂತಿದ್ದವು. ಕವಲಂದೆಯವರು ಒಬ್ಬೊಬ್ಬರಾಗಿ ಎಲೆ ಬಿಟ್ಟು ಏಳತೊಡಗಿದರು.

"ಬೀಗರೇ," ಎಂದರು ಹುಡುಗಿಯ ತಂದೆ. "ಈ ಮಂಟ್ಪನ ಮಕ್ಳೆಸ್ರಿಗೆ ಬರಿತೀನಿ ಅಂದಿದ್ರಿ. ಬರ್ಯಕ್ಕೆ ಏನ್ ಉಳಿತದೆ?"

ಶಿವಮಲ್ಲಪ್ಪ ಸಾಕಮ್ಮನ ಕಡೆಗೆ ನುಗ್ಗಿದ. "ಸೂಳೆಮುಂಡೆ, ಸುಬಕಾರ್ಯದಲ್ಲಿ ಒಳೀಕ್ ಬಂದಿದೀಯಾ? ಎಳ್ದಾಕ್ರೋ ಈಚೆಗೆ ಇವ್ಳ." ಬಡಿಸುವವರು ಬೀಗರ ಮುಖ ನೋಡುತ್ತ ನಿಂತರು.

ಮೂರನೆಯ ಗೋಡೆಗೂ ಗೆರೆ ಬಿತ್ತು. ಇನ್ನು ಸೇತುವೆಗೆ ಎದುರಾದ ಗೋಡೆ ಉಳಿದಿತ್ತು. ಶಿವಮಲ್ಲಪ್ಪ ಓಡಿಹೋಗಿ ಅದಕ್ಕೆ ಬೆನ್ನು ಕೊಟ್ಟು, ಎರಡು ಕೈಗಳನ್ನೂ ಚಾಚಿ ನಿಂತ.

"ಅತ್ಲಾಗ್ ಸರ್ಕೋ ಶಿವಮಲ್ಲಪ್ಪ," ಎಂದಳು ಸಾಕಮ್ಮ.

ಅವನು ಸರಿಯಲಿಲ್ಲ. ಸಾಕಮ್ಮ ನೂಲನ್ನು ಮತ್ತೊಮ್ಮೆ ಕೆಮ್ಮಣ್ಣಿಗೆ ಅದ್ದಿದಳು. ಪುಟ್ಟಮಾದಮ್ಮ ಆ ಮೂಲೆಯಲ್ಲಿ, ಸಾಕಮ್ಮ ಈ ಮೂಲೆಯಲ್ಲಿ, ನಾಲ್ಕು ಅಡಿ ಆರು ಅಂಗುಲಕ್ಕೆ ತುದಿಗಳನ್ನು ಒತ್ತಿ ಹಿಡಿದು ಬಿಗಿದರು. ನೂಲು ಅವನ ಎದೆಗೆ ತಾಗಿ ನಿಂತಿತು. ಸಾಕಮ್ಮ ಅದನ್ನು ತೋಳು ಸಾಗುವಷ್ಟು ದೂರಕ್ಕೆ ಎಳೆದು ಬಿಟ್ಟಳು.

ಗೆರೆ ಗೋಡೆಯ ಮೇಲೂ, ಅವನ ಬಿಳಿ ರೇಷ್ಮೆಯ ಅಂಗಿಯ ಮೇಲೂ, ಮತ್ತೆ ಗೋಡೆಯ ಮೇಲೂ ಬಿತ್ತು.