ದೊಡ್ಡದು ಮಾಡು

ಅಪ್ಪ ಬೆಂಕಿಯ ವಿಷಯದಲ್ಲಿ ‘ಆರಿಸು’ ಎಂದವನಲ್ಲ. ದೀಪವಾಗಲಿ ಒಲೆಯಾಗಲಿ, ‘ದೊಡ್ಡದು ಮಾಡು’ ಎನ್ನುತ್ತಿದ್ದ. ಮನೆಯವರು ಹೋಗಿ ಆರಿಸಿ ಬರುತ್ತಿದ್ದರು. ಹೂಜಿ ಊದಿ ತೆಗೆಯುವ ಗಾಜಿನ ಕುಲುಮೆಗೆ ಮಾತ್ರ ಆ ಮಾತೂ ಬೇಕಾಗಿರಲಿಲ್ಲ. ಮಗಳ ಮದುವೆಗೂ ಮೊದಲು ಹೊತ್ತಿಸಿದ್ದು ಇನ್ನೂ ಉರಿಯುತ್ತಿತ್ತು.

ಈಗ ಅದನ್ನು ಉರಿಸುವ ಅನಿಲದ ಹಡಗು ಬಂದಿರಲಿಲ್ಲ. ಸಮುದ್ರದಾಚೆ ಯಾರಿಗೋ ಯಾರ ಮೇಲೋ ಸಿಟ್ಟು, ದಾರಿ ಮುಚ್ಚಿತ್ತು. ಸ್ವಂತ ಅನಿಲ ಬಾವಿಗಳಿದ್ದ ಪಕ್ಕದ ದೇಶದವರು ಸುದ್ದಿಯನ್ನು ಸುದ್ದಿಯಾಗಿ ಕೇಳಿದರು. ಇಲ್ಲಿಯವರು ಸಿಲಿಂಡರ್ ಅಲ್ಲಾಡಿಸಿ ನೋಡಿದರು.

“ಮೊದಲು ಮನೆ ಒಲೆ, ಆಮೇಲೆ ನಿಮ್ಮ ಹೂಜಿ” ಎಂದ ಗ್ಯಾಸ್ ಏಜೆನ್ಸಿಯವನು. “ಕಂಡವರ ಎಣ್ಣೇಲಿ ದೀಪ ಹಚ್ಕೊಂಡವರು ನಾವು. ಅವರು ಬುಡ್ಡಿ ಎತ್ಕೊಂಡ್ರೆ ಮುಗೀತು.”

ಒತ್ತಡದ ಮುಳ್ಳು ಇಳಿಯುತ್ತಿತ್ತು. ಉಳಿದ ಅನಿಲ ಸಂಜೆಯವರೆಗೆ ಬಂದರೆ ಹೆಚ್ಚು. ಮೂಸೆಯೊಳಗೆ ಗಾಜು ಪಾಕದಂತೆ ತಳತಳಿಸುತ್ತಿತ್ತು. ಅಲ್ಲೇ ಹೆಪ್ಪುಗಟ್ಟಿದರೆ ಮೂಸೆ ಸೀಳಿಹೋಗುತ್ತದೆ, ಕುಲುಮೆಯನ್ನೇ ಒಡೆಯಬೇಕಾಗುತ್ತದೆ. ಈಗಲೇ ಗಾಜನ್ನು ತೋಡಿ ಸುರಿದು, ಉರಿ ಮೆಲ್ಲಗೆ ತಗ್ಗಿಸಿದರೆ ಕುಲುಮೆ ಉಳಿಯುತ್ತದೆ. ಬೆಂಕಿ ಉಳಿಯುವುದಿಲ್ಲ.

“ತೋಡಿಬಿಡೋಣ್ವಾ ಅಪ್ಪಾ?” ಎಂದಳು ಮಗಳು.

“ಆಮೇಲೆ ಹಡಗು ಬಂದ್ರೆ?”

“ಬಂದ್ರೆ ಮತ್ತೆ ಹಚ್ಚೋಣ.”

“ನಿನ್ನ ಗಂಡ ಅನಿಲ ಬರೋ ದೇಶದಲ್ಲೇ ಇದಾನಲ್ಲ. ಒಂದು ಬಾಯಿ ಊದಿ ಕಳಿಸು ಅನ್ನು.”

ಗಂಡ ಅಲ್ಲಿ ಕೊಳವೆಗಳ ಬೆಸುಗೆ ಕೆಲಸದಲ್ಲಿದ್ದ. ಅವಳು ಫೋನ್ ಮಾಡಿದಾಗ ಪರದೆಯಲ್ಲಿ ಅವನ ಹಿಂದೆ, ಎತ್ತರದ ಕಬ್ಬಿಣದ ಕೊಳವೆಯ ತುದಿಯಲ್ಲಿ, ಬೆಂಕಿ ಆಕಾಶಕ್ಕೆ ಉರಿಯುತ್ತಿತ್ತು.

“ಅದೇನ್ರೀ?”

“ಇದಾ? ಹೆಚ್ಚಾದ ಗ್ಯಾಸು. ಸಾಗಿಸೋಕಾಗದೇ ಇದ್ದದ್ದನ್ನ ಸುಟ್ಟುಬಿಡ್ತಾರೆ.”

ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

“ಅದನ್ನ ಯಾರೂ ದೊಡ್ಡದು ಮಾಡಲ್ವೇನಪ್ಪಾ?”

ಅಳಿಯ ಬೇರೆ ಮನೆಯಲ್ಲಿ ಬೆಳೆದವನು. “ಇನ್ನೂ ದೊಡ್ಡದಾ ಮಾವ? ಇದರ ಸೆಕೆಗೇ ಸಾಕಾಗಿದೆ” ಎಂದು ನಕ್ಕ.

ಅಪ್ಪ ನಗಲಿಲ್ಲ. ಫೋನ್ ಹಿಂದಿರುಗಿಸಿ, ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಸೌಟನ್ನು ತಾನೇ ಎತ್ತಿಕೊಂಡ. ಇಬ್ಬರೂ ಸರದಿಯಂತೆ ತೋಡಿದರು. ಮರಳಿನ ಮೇಲೆ ಸುರಿದ ಗಾಜು ಕೆಂಪು ಕಳೆದುಕೊಳ್ಳುತ್ತ, ಯಾವ ಪಾತ್ರೆಯೂ ಆಗದೆ, ಚಿಟಿಚಿಟಿ ಬಿರಿಯಿತು.

ಮೂಸೆಯ ತಳ ಕಂಡಿತು. ಮಗಳು ಉರಿಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಬಂದಳು. ಕೊನೆಗೆ ಉಗುರಿನಷ್ಟು ನೀಲಿ ಉಳಿಯಿತು. ಅನಿಲದ ತಿರುಪಿನ ಮೇಲೆ ಕೈಯಿಟ್ಟು ಅಪ್ಪನ ಮಾತಿಗೆ ಕಾದಳು.

“ಆರಿಸು ಮಗಳೇ” ಎಂದ ಅಪ್ಪ.