ಹಗಲಲ್ಲೇ ಆಡಿದ ನಾಟಕ

ಗೆಂಡೆಹಳ್ಳಿಯ ಅಂಗನವಾಡಿ ಟೀಚರ್ ಮಂಜುಳಾ ಊರಿನ ಕೆರೆ ಕಟ್ಟಿದ ಕಥೆಯನ್ನೇ ನಾಟಕವಾಗಿ ಬರೆದಿದ್ದಳು. ಭಾನುವಾರ ರಾತ್ರಿ ಆಡುವುದೆಂದು ನಿಗದಿಯಾಗಿತ್ತು. ಕೆರೆ ಕಟ್ಟಿಸುವ ಹಿರಿಯನ ಪಾತ್ರ ಅವಳ ಗಂಡ ಧರ್ಮೇಶನದು. ಅವನು ಸೈನ್ಯದಿಂದ ರಜೆಯ ಮೇಲೆ ಬಂದಿದ್ದ. ಅದು ೧೯೯೯ರ ಮೇ ತಿಂಗಳು. ಶುಕ್ರವಾರ ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಫೋನು ಬಂತು. ಗಡಿಯಲ್ಲಿ ಏನೋ ಗಲಾಟೆಯಂತೆ, ರಜೆ ರದ್ದಾಗಿದೆ, ಇವತ್ತೇ ಹೊರಡಬೇಕು. ಯುದ್ಧವೆಂಬ ಮಾತು ಇನ್ನೂ ಯಾರ ಬಾಯಿಗೂ ಬಂದಿರಲಿಲ್ಲ.

ಮಂಜುಳಾ ಕಣ್ಣೊರೆಸಿಕೊಳ್ಳುತ್ತಿದ್ದರೆ ಅತ್ತೆ ರುದ್ರಮ್ಮ ಗದರಿದರು: "ಅಳೋದು ಆಮೇಲೆ ಐತೆ ಕಣವ್ವ. ಬಸ್ಸಿರೋದು ಸಂಜೆಗೆ ತಾನೆ? ನಾಟಕ ಈಗ್ಲೇ ಆಡ್ಸು."

ಮಧ್ಯಾಹ್ನದ ಬಿಸಿಲಲ್ಲಿ ಶಾಲೆಯ ಅಂಗಳಕ್ಕೆ ಊರಿಗೆ ಊರೇ ಬಂತು. ಬಣ್ಣವಿಲ್ಲ, ಪರದೆಯಿಲ್ಲ, ಮೈಕೂ ಇಲ್ಲ. ಹೊಲದಿಂದ ನೇರವಾಗಿ ಬಂದವರ ಕೈಯಲ್ಲಿ ಗುದ್ದಲಿ, ಮಂಕರಿ. "ಮಣ್ಣು ಹೊರೋಕೆ ಯಾರ್ ಬತ್ತೀರಿ?" ಎಂದು ಧರ್ಮೇಶ ಕೇಳಿದ್ದೇ ತಡ, ನೋಡಲು ಕೂತಿದ್ದ ಮುದುಕ ಮರಿಯಣ್ಣ, "ನಾನ್ ಬತ್ತೀನಿ ಕಣ್ಲಾ!" ಎಂದು ಪಂಚೆ ಎತ್ತಿ ಕಟ್ಟಿದರು. ಅವರ ಹಿಂದೆ ಎಲ್ಲರೂ ಎದ್ದರು. ನೋಡುವವರೇ ಉಳಿಯಲಿಲ್ಲ. ನಡುವೆ ಎಮ್ಮೆಯೊಂದು ನುಗ್ಗಿತು. ಧರ್ಮೇಶ ಮಾತು ಮರೆತು ನಗುತ್ತಾ ನಿಂತ. ಮರೆಯಲ್ಲಿ ನಿಂತು ಮಾತು ಹೇಳಿಕೊಡುತ್ತಿದ್ದ ಮಂಜುಳಾ ಅದನ್ನು ಬಿಟ್ಟು, ಸೆರಗು ಸಿಕ್ಕಿಸಿ ತಾನೂ ಮಂಕರಿ ಹೊತ್ತಳು.

ಸಂಜೆ ಎಲ್ಲರೂ ಮೈಮೇಲಿನ ಮಣ್ಣಿನ ಸಮೇತ ಬಸ್ಸಿನ ಹತ್ತಿರ ಬಂದರು. "ಏನ್ರೀ, ಮದುವೆ ದಿಬ್ಬಣಾನಾ?" ಎಂದ ಕಂಡಕ್ಟರ್.

"ಕೆರೆ ಕಟ್ಬುಟ್ಟು ಬಂದ್ವಿ ಕಣಪ್ಪ," ಎಂದರು ರುದ್ರಮ್ಮ.

ಧರ್ಮೇಶ ಕಿಟಕಿಯಿಂದ ಕೂಗಿದ: "ಕೆರೆ ತುಂಬಿ ಕೋಡಿ ಬೀಳೋ ಸೀನು ಬರ್ದಿಡು ಕಣೇ, ಬಂದು ಆಡ್ತೀನಿ!"

"ಅದ್ರಲ್ಲಿ ಎಮ್ಮೆಗೂ ಮಾತು ಕೊಡ್ತೀನಿ!" ಎಂದಳು ಮಂಜುಳಾ. ಬಸ್ಸು ತಿರುವು ದಾಟಿದ ಮೇಲೂ ಅವನ ನಗು ಅವಳಿಗೆ ಕೇಳಿಸುತ್ತಲೇ ಇತ್ತು.