ಸಾಯುವವನ ಚಟ

"ಮಾರ್ಫಿನ್ ಬೇಕಂತೆ, ಮಾರ್ಫಿನ್! ಯಾರೇ ಹೇಳ್ಕೊಟ್ಟಿದ್ದು ನಿಂಗೆ ಈ ಹೆಸರು? ಕೆಮ್ಮಿನ ಔಷಧಿ ಅಂದ್ಕೊಂಡ್ಯಾ? ನಿಮ್ಮ ಕೈಗೆ ಕೊಟ್ರೆ ಗಂಡನಿಗೆ ಹಾಕ್ತೀರೋ ಸಂದೀಲಿ ಮಾರ್ಕೊಂಡು ಕುಡೀತೀರೋ, ಯಾರಿಗ್ಗೊತ್ತು?"

ಡಾಕ್ಟರು ತಲೆ ಎತ್ತದೆಯೇ ಅಂದರು. ಹಿಂದೆ ನಿಂತಿದ್ದ ಕಿರಿಯ ಡಾಕ್ಟರುಗಳು ಕಿಸಕ್ಕೆಂದರು. ಎದುರು ನಿಂತಿದ್ದವಳು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಸೋಪಿಗೆ ಬಿರಿದ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ವಾಸಿ ಮಾಡಿ ಅಂತ ಕೇಳ್ತಿಲ್ಲ ಸಾರ್. ಕ್ಯಾನ್ಸರು ಬೆನ್ನುಮೂಳೆಗೆಲ್ಲ ಹಬ್ಬಿದೆ ಅಂತ ನೀವೇ ಅಂದ್ರಿ. ಸಾಯೋವರೆಗೂ ನೋವಿಗೆ ಕೂಗದಂಗೆ ಮಾಡಿ, ಅಷ್ಟೇ. ಮೇಲಿನ ಸ್ಪೆಷಲ್ ರೂಮಿನ ಯಜಮಾನ್ರಿಗೂ ಇದೇ ಕಾಯಿಲೆ. ಅವರಿಗೆ ಕೊಟ್ರಲ್ಲ?"

"ಅವರು ಜವಾಬ್ದಾರಿ ಇರೋ ಜನ. ಇವನು ಹಮಾಲಿ, ಮೊದಲೇ ಕುಡುಕ. ಚಟ ಹತ್ತುತ್ತೆ."

"ಸಾಯೋನಿಗೆ ಎಂಥ ಚಟ ಸಾರ್?"

"ಬಾಯಿ ಬೇರೆ! ನಡಿಯೇ ಆಚೆ."

ಗಂಡನ ಕೂಗಿಗೆ ವಾರ್ಡಿನವರು ದೂರು ಹೇಳಿದ್ದರಿಂದ ಅವನ ಮಂಚವನ್ನು ಸಾಮಾನು ತುಂಬುವ ಕೋಣೆಗೆ ತಳ್ಳಿ ಬಾಗಿಲೆಳೆದಿದ್ದರು. ಎರಡು ಮೂಟೆ ಒಟ್ಟಿಗೆ ಹೊತ್ತು, ಮೂರನೆಯದು ನೀನು ಬಾ ಎಂದು ಅವಳನ್ನು ಛೇಡಿಸುತ್ತಿದ್ದ ಆಸಾಮಿ. ಈಗ ಹೊದಿಕೆಯ ಅಂಚು ತಾಗಿದರೂ ಕಿರುಚುತ್ತಿದ್ದ.

"ಕೊಟ್ರಾ?" ಅವಳು ಒಳಗೆ ಕಾಲಿಟ್ಟೊಡನೆ ಕೇಳಿದ.

ಅವಳು ಬರಿಗೈ ತೋರಿಸಿದಳು. ಅವನು ಟವೆಲ್ಲು ಕಚ್ಚಿಕೊಂಡು ಗೋಡೆ ನೋಡಿದ. ಆಮೇಲೆ, "ಕೈ ಮುಗೀತೀನಿ ಕಣೇ. ದಿಂಬು ಒತ್ತಿಬಿಡು ಮುಖಕ್ಕೆ," ಅಂದ.

ಅವಳು ದಿಂಬು ಎತ್ತಿಕೊಂಡಳು. ಎದೆಗೆ ಅವುಚಿಕೊಂಡು ಎಷ್ಟೋ ಹೊತ್ತು ನಿಂತಳು. ಕೊನೆಗೆ ಅದನ್ನು ಅವನ ತಲೆಯಡಿಗೇ ಇಟ್ಟು, ಮಂಚದ ಗಾಲಿಯ ತಡೆ ಒದ್ದು ಬಿಡಿಸಿದಳು.

"ಆ ಡಾಕ್ಟರ ಹತ್ರಕ್ಕೇ ತಳ್ಕೊಂಡು ಹೋಗ್ಲಾ? ಕುಲುಕುತ್ತೆ. ಜೀವ ಹೋದಂಗಾಗುತ್ತೆ ನಿಂಗೆ."

"ತಳ್ಳು. ಅವನ ಕಿವೀಲೇ ಕೂಗ್ತೀನಿ."

ಹೊಸಿಲು ಹೊಸಿಲಿಗೂ ಅವನು ಕಿರುಚಿದ. ಅವಳು ನಿಲ್ಲಲಿಲ್ಲ. ಒಗೆಯುವ ಮನೆಯ ಹೆಂಗಸರು ಒದ್ದೆ ಕೈಯಲ್ಲೇ ಬಂದು ಮಂಚಕ್ಕೆ ಕೈ ಕೊಟ್ಟರು. ಡಾಕ್ಟರು ತಮ್ಮ ಕೋಣೆಯಲ್ಲಿ ಊಟಕ್ಕೆ ಕೂತಿದ್ದರು.

"ಏಯ್! ಇಲ್ಲಿಗ್ಯಾಕೆ ತಂದೆ? ಬಾಗಿಲು ಹಾಕ್ರೋ!"

ಮುಚ್ಚುತ್ತಿದ್ದ ಬಾಗಿಲಿಗೆ ಅವಳು ಮಂಚವನ್ನೇ ನುಗ್ಗಿಸಿದಳು.

"ಹಾಕು ನೋಡೋಣ, ಬೋಳಿಮಗನೆ! ಅಲ್ಲಿದ್ರೆ ನಿಂಗೆ ಕೇಳ್ಸಲ್ಲ. ಇಲ್ಲೇ ಕೇಳು. ಉಣ್ತಾ ಕೇಳು."

ಕಾವಲಿನವನು ಓಡಿ ಬಂದು ಮಂಚಕ್ಕೆ ಕೈ ಹಾಕಿದ. ಹಮಾಲಿಯ ಬಾಯಿಂದ ಹೊರಟ ಸದ್ದಿಗೆ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ಮತ್ತೆ ಯಾರೂ ಮುಟ್ಟಲಿಲ್ಲ. ಹೆಂಗಸರು ನೆಲದ ಮೇಲೆ ಕೂತರು. ಅವಳು ಗಂಡನ ತುಟಿಯ ರಕ್ತ ಒರೆಸುತ್ತ, "ಕೂಗು ರಾಜ, ಕೂಗು," ಎನ್ನುತ್ತಿದ್ದಳು. ಅವನಲ್ಲಿ ಈಗ ಕೂಗುವಷ್ಟು ಉಸಿರಿರಲಿಲ್ಲ.